ಮಷಿನಕ್ಕನ ಒಂದೇ ಜೀವದ ಆಟ

ನಮ್ಮಕ್ಕನಿಗೆ ದೇವರ ಮೇಲೆ ನಂಬಿಕೆ ಇಲ್ಲ, ಲೀಡರುಗಳ ಮೇಲಂತೂ ಕೇಳಲೇಬೇಡಿ. ಇದನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟವಳಲ್ಲ. ಕೇಳಿದವರಿಗೂ ಹೇಳುತ್ತಾಳೆ, ಕೇಳದೆ ಸುಮ್ಮನೆ ಟೀ ಕುಡಿಯುತ್ತ ಕೂತವರಿಗೂ ಹೇಳುತ್ತಾಳೆ. ಐವತ್ತನಾಲ್ಕು ವರ್ಷದ ಹೆಂಗಸು, ಮೂವತ್ತೊಂದು ವರ್ಷದಿಂದ ಒಂದೇ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷಿನ್ ಓಡಿಸುತ್ತಿದ್ದಾಳೆ. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮಷಿನಕ್ಕ ಎಂದೇ. ನಾನು ಅವಳಿಗಿಂತ ಆರು ವರ್ಷಕ್ಕೆ ಚಿಕ್ಕ ತಮ್ಮ. ಅದೇ ಪ್ರೆಸ್ಸಿನಲ್ಲಿ, ಅವಳ ಮಷಿನ್ನಿನಿಂದ ಹತ್ತು ಹೆಜ್ಜೆ ಆಚೆ, ಅಚ್ಚಾದ ಕಾಗದವನ್ನು ಅಳತೆಗೆ ಕತ್ತರಿಸುವ ಕಟಿಂಗ್ ಮಷಿನ್ ನನ್ನದು. ನಾನು ನಂಬುವವನು. ವಾರಕ್ಕೆ ಎರಡು ಸಲ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತೇನೆ, ವೋಟಿನ ದಿನ ಬೆಳಿಗ್ಗೆಯೇ ಸಾಲಿನಲ್ಲಿ ನಿಲ್ಲುತ್ತೇನೆ. ಒಳ್ಳೆಯವನು ಅಂತ ಹೆಸರಿತ್ತು ನನಗೆ.

ಅವಳ ಅಪನಂಬಿಕೆ ಓದಿ ಬಂದದ್ದಲ್ಲ, ಅಚ್ಚು ಹಾಕಿ ಹಾಕಿ ಬಂದದ್ದು. ಇಷ್ಟು ವರ್ಷದ ಅಷ್ಟೂ ಚುನಾವಣೆಗಳ ಪೋಸ್ಟರು, ಕರಪತ್ರ, ಪ್ರಣಾಳಿಕೆಗಳು ಅವಳ ರೋಲರುಗಳ ಸಂದಿಯಲ್ಲೇ ಹಾದುಹೋಗಿವೆ. "ಹೋದ ಸಲ ಮನೆಮನೆಗೂ ನೀರು ಅಂತ ನೀಲಿ ಇಂಕಲ್ಲಿ ಹೊಡೆದೆ. ಈ ಸಲ ಅದೇ ನೀರನ್ನ ಹಸಿರು ಇಂಕಲ್ಲಿ ಹೊಡೀತಿದೀನಿ. ನಲ್ಲಿ ಮಾತ್ರ ಹಾಗೇ ಒಣಗಿ ಕೂತಿದೆ ನೋಡು," ಅನ್ನುತ್ತಾಳೆ. ನಮ್ಮ ಪ್ರಾರ್ಥನಾ ಮಂದಿರವನ್ನೂ ಬಿಡುವುದಿಲ್ಲ. "ಲೋಕ ಮುಗಿಯೋ ಕಾಲ ಹತ್ತಿರ ಬಂತು ಅಂತ ನಾನೇ ಹನ್ನೊಂದು ಸಲ ಅಚ್ಚು ಹಾಕಿದೀನಿ ಕಣೋ. ಮುಂದಿನ ವರ್ಷಕ್ಕೂ ಬೇಕಾಗುತ್ತೆ, ಪ್ಲೇಟ್ ಜೋಪಾನವಾಗಿ ಎತ್ತಿಡಮ್ಮ ಅಂತ ಹೇಳಿ ಹೋಗಿದಾರೆ ನಿಮ್ಮ ಹಿರಿಯರು." ಇದನ್ನು ಕೇಳಿದರೆ ನನಗೆ ಕೋಪ ಬರುತ್ತಿತ್ತು. ಆದರೆ ಒಂದು ಮಾತು ಹೇಳಲೇಬೇಕು. ನಂಬುವುದಿಲ್ಲ ಅಂತ ಕೆಲಸದಲ್ಲಿ ಕಳ್ಳಾಟ ಆಡಿದವಳಲ್ಲ. ಲೀಡರಿನ ಕೆನ್ನೆಗೆ ಕೆಂಪು ಒಂದು ಗುಲಗಂಜಿಯಷ್ಟು ಹೆಚ್ಚಾದರೂ ಮಷಿನ್ ನಿಲ್ಲಿಸಿ ಸರಿಮಾಡುತ್ತಿದ್ದಳು.

ಇಂಥವಳಿಗೆ ಆಟದ ಹುಚ್ಚು ಹಿಡಿದದ್ದು ಹೇಗೆ ಅಂತ ಜನ ಕೇಳುತ್ತಾರೆ. ಆಟ ಅಂದರೆ ವಿಡಿಯೋ ಗೇಮ್. ಒಂಬತ್ತು ವರ್ಷದ ಹಿಂದೆ ರೋಲರಿಗೆ ಅವಳ ಎಡಗೈಯ ಮೂರು ಬೆರಳು ಸಿಕ್ಕಿಕೊಂಡವು. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ವ್ಯಾಯಾಮ ಮಾಡಿಸುವವರು ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಸುಕಿ ಅಂದರು. ಎರಡು ದಿನ ಹಿಸುಕಿ ಮೂಲೆಗೆ ಎಸೆದಳು. ಆಗ ನನ್ನ ಮಗಳು ತನ್ನ ಗೇಮಿನ ಕಂಟ್ರೋಲರನ್ನು ಅವಳ ಕೈಗಿಟ್ಟು, "ಇದನ್ನ ಒತ್ತಿ ನೋಡಿ ಅತ್ತೆ, ಬೇಜಾರಾಗಲ್ಲ," ಅಂದಳು. ಅಷ್ಟೇ ಆದದ್ದು. ನಾಲ್ಕು ತಿಂಗಳಲ್ಲಿ ಬೆರಳು ಮಡಚಿದವು. ಉಂಗುರದ ಬೆರಳೊಂದು ಇವತ್ತಿಗೂ ಸ್ವಲ್ಪ ಮೊಂಡು. ಮಗಳು ಮದುವೆಯಾಗಿ ಹೋದಳು, ಗೇಮಿನ ಪೆಟ್ಟಿಗೆ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಅಕ್ಕನ ಕೋಣೆಯಲ್ಲೇ ಉಳಿಯಿತು.

ಆ ಕೋಣೆಯಲ್ಲಿ ಒಂದು ಮಂಚ, ಒಂದು ಟಿವಿ, ಎರಡು ಪ್ಲಾಸ್ಟಿಕ್ ಕುರ್ಚಿ. ಗೋಡೆಯ ಮೇಲೆ ದೇವರ ಪಟವೂ ಇಲ್ಲ, ಯಾವ ನಾಯಕನ ಕ್ಯಾಲೆಂಡರೂ ಇಲ್ಲ. ಅವಳಿಗೆ ಇಷ್ಟವಾದ ಆಟದಲ್ಲಿ ಒಂದು ಕೋಟೆ, ಏಳು ಬಾಗಿಲು, ಒಂದೊಂದು ಬಾಗಿಲಿಗೆ ಒಬ್ಬೊಬ್ಬ ರಾಕ್ಷಸ. ಇಬ್ಬರು ಜೊತೆಯಾಗಿ ಆಡಬಹುದು: ಒಬ್ಬರ ಕೈಲಿ ಬಿಲ್ಲು, ಇನ್ನೊಬ್ಬರ ಕೈಲಿ ಗುರಾಣಿ. ಆ ಆಟವನ್ನು ಆಡುವ ರೀತಿ ಎರಡಿದೆ. ಒಂದರಲ್ಲಿ ಸತ್ತರೆ ಮತ್ತೆ ಹುಟ್ಟಬಹುದು. ಇನ್ನೊಂದರಲ್ಲಿ ಒಂದೇ ಜೀವ. ಇಬ್ಬರಲ್ಲಿ ಒಬ್ಬರು ಸತ್ತರೂ ತಿಂಗಳುಗಟ್ಟಲೆ ಆಡಿದ್ದೆಲ್ಲ ಅಳಿಸಿಹೋಗಿ ಮೊದಲ ಬಾಗಿಲಿಗೇ ಬಂದು ನಿಲ್ಲಬೇಕು. ಅಕ್ಕ ಆಡುವುದು ಒಂದೇ ಜೀವದ್ದು ಮಾತ್ರ.

"ಮತ್ತೆ ಹುಟ್ಟೋದಿದೆ ಅಂತ ಗೊತ್ತಾದ್ರೆ ಜನ ಎಚ್ಚರಿಕೆಯಿಂದ ಆಡಲ್ಲ ಕಣೋ," ಅನ್ನುತ್ತಿದ್ದಳು, ಬೇಕೆಂದೇ ನನ್ನ ಮುಖ ನೋಡುತ್ತ. "ಇಲ್ಲಿ ನಿಯಮ ಮೊದಲೇ ಹೇಳಿಬಿಡ್ತಾರೆ. ದೊಡ್ಡವರಿಗೊಂದು, ನಮಗೊಂದು ಅಂತ ಇಲ್ಲ. ಬಿದ್ರೆ ನಾನೇ ಬಿದ್ದೆ. ಇಷ್ಟು ನ್ಯಾಯ ಹೊರಗೆ ಎಲ್ಲಿದೆ, ತೋರಿಸು."

ಎರಡನೇ ಕಂಟ್ರೋಲರ್ ನನ್ನದಾಗಿತ್ತು. ಪ್ರಾರ್ಥನಾ ಮಂದಿರದವರಿಗೆ ಇದು ಗೊತ್ತಿರಲಿಲ್ಲ. ಆಟ ಆಡುವುದು ಮನಸ್ಸನ್ನು ಕೆಡಿಸುತ್ತದೆ ಅಂತ ನಮ್ಮ ಹಿರಿಯರು ಎಷ್ಟೋ ಸಲ ಹೇಳಿದ್ದಾರೆ, ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದ್ದೇನೆ. ಆಮೇಲೆ ಮನೆಗೆ ಬಂದು ಮಹಡಿ ಹತ್ತಿ ಗುರಾಣಿ ಹಿಡಿದಿದ್ದೇನೆ. ಗುರಾಣಿ ಹಿಡಿದವನು ರಾಕ್ಷಸನ ಎದುರು ನಿಲ್ಲಬೇಕು, ಹಿಂದಿನಿಂದ ಅಕ್ಕ ಬಾಣ ಬಿಡಬೇಕು. ನನಗೆ ಮಾತ್ರ ರಾಕ್ಷಸ ಗದೆ ಎತ್ತಿದ ಕೂಡಲೇ ಹೆಬ್ಬೆರಳು ತಾನಾಗಿ ಹಿಂದಕ್ಕೆ ಒತ್ತುತ್ತಿತ್ತು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಪ್ರೆಸ್ಸಿನ ಒಂದು ಪದ್ಧತಿ ತಿಳಿದಿರಬೇಕು. ಹೊಸ ಕೆಲಸಕ್ಕೆ ಮಷಿನ್ ಶುರುಮಾಡಿದಾಗ ಇಂಕು ಹದಕ್ಕೆ ಬರಲು ಐವತ್ತು ಅರವತ್ತು ಹಾಳೆ ಹಾಳಾಗುತ್ತದೆ. ಒಳ್ಳೆ ಕಾಗದವನ್ನು ಯಾಕೆ ಹಾಳುಮಾಡಬೇಕು ಅಂತ ಹಳೆಯ ರದ್ದಿ ಹಾಳೆಯನ್ನೇ ಮತ್ತೆ ಮತ್ತೆ ಓಡಿಸುತ್ತೇವೆ. ಹಾಗಾಗಿ ರದ್ದಿ ಹಾಳೆಯ ಮೇಲೆ ಒಂದರ ಮೇಲೊಂದು ಏನೇನೋ ಅಚ್ಚಾಗಿರುತ್ತದೆ. ಅದು ಒಳ್ಳೆ ಮಾಲಿನ ಜೊತೆ ಸೇರಿಹೋಗದಿರಲಿ ಅಂತ ಅಕ್ಕ ಪ್ರತಿ ರದ್ದಿ ಹಾಳೆಯ ಒಂದು ಮೂಲೆಯನ್ನು ಹರಿದೇ ಇಡುತ್ತಾಳೆ. ಮೂಲೆ ಹರಿದಿದ್ದರೆ ರದ್ದಿ, ಅಷ್ಟು ಸರಳ. ನನ್ನ ಕೆಲಸದಲ್ಲೂ ರದ್ದಿ ಬೇಕು. ಪೋಸ್ಟರಿನ ಅಟ್ಟಿಯನ್ನು ಬ್ಲೇಡಿನ ಕೆಳಗೆ ಇಡುವಾಗ ತಳಕ್ಕೆ ಹತ್ತು ಹನ್ನೆರಡು ರದ್ದಿ ಹಾಳೆ ಹಾಕಿದರೆ ಕೊನೆಯ ಪೋಸ್ಟರಿನ ಅಂಚೂ ನೀಟಾಗಿ ಬರುತ್ತದೆ. ಕತ್ತರಿಸಿದ ಮೇಲೆ ತಳದ್ದನ್ನು ತೆಗೆದು ಪಕ್ಕಕ್ಕೆ ಹಾಕಬೇಕು.

ಆ ಶನಿವಾರ ಅಕ್ಕ ನಾಲ್ಕು ಗಂಟೆಗೇ ಮನೆಗೆ ಹೋಗಿದ್ದಳು. ಹತ್ತು ತಿಂಗಳು ಒಂದೇ ಜೀವದಲ್ಲಿ ಆಡಿ ನಾವು ಏಳನೇ ಬಾಗಿಲಿನ ಹತ್ತಿರ ಬಂದಿದ್ದೆವು. "ಐದಕ್ಕೆ ಒಳಗೆ ಹೋಗ್ತೀನಿ, ನೀನು ಬಂದ್ರೂ ಸರಿ, ಬರದಿದ್ರೂ ಸರಿ," ಅಂತ ಹೇಳಿಯೇ ಹೋಗಿದ್ದಳು. ನನ್ನ ಮುಂದೆ ಆಳುವ ಪಕ್ಷದ ನಾಯಕರ ಪೋಸ್ಟರಿನ ಕೊನೆಯ ಅಟ್ಟಿ ಇತ್ತು. ನಾಲ್ಕೂ ಕಡೆ ಅರ್ಧ ಇಂಚು ಕತ್ತರಿಸಿದೆ. ಅರ್ಧ ಇಂಚಿನ ಜೊತೆ ತಳದ ರದ್ದಿಯ ಹರಿದ ಮೂಲೆಗಳೂ ಹೋದವು. ಗಡಿಯಾರ ನೋಡಿದೆ, ತಳದ್ದನ್ನು ತೆಗೆಯುವುದು ಮರೆತೆ, ಹಾಗೇ ಗಂಟು ಕಟ್ಟಿದೆ. "ಸಂಜೆ ಪ್ರಾರ್ಥನೆ ಇದೆ, ಬೇಗ ಹೋಗ್ಬೇಕು," ಅಂತ ಪ್ರೆಸ್ಸಿನ ಯಜಮಾನರಿಗೆ ಹೇಳಿ ಓಡಿದೆ.

ಏಳನೇ ಬಾಗಿಲಿನಲ್ಲಿ ರಾಕ್ಷಸ ಗದೆ ಎತ್ತಿದ. ನಾನು ಹಿಂದಕ್ಕೆ ಓಡಿದೆ. ಅಕ್ಕ ಸತ್ತಳು. ಹತ್ತು ತಿಂಗಳಿನದ್ದು ಹತ್ತು ಸೆಕೆಂಡಿನಲ್ಲಿ ಅಳಿಸಿಹೋಯಿತು.

"ಗುರಾಣಿ ನಿನ್ನ ಕೈಲಿತ್ತಲ್ಲೋ," ಅಂದಳು. ಅಷ್ಟೇ ಅಂದಳು.

ಸೋಮವಾರ ಬೆಳಿಗ್ಗೆ ಮಾರುಕಟ್ಟೆ ಬೀದಿಯ ಗೋಡೆ ನೋಡಲು ಜನವೋ ಜನ. ಪೋಸ್ಟರ್ ಅಂಟಿಸುವವನು ಬೆಳಕು ಹರಿಯುವ ಮೊದಲೇ ಗಂಟು ಬಿಚ್ಚಿ ಒಂದೂ ನೋಡದೆ ಅಂಟಿಸಿ ಹೋಗಿದ್ದ. ಸಾಲಾಗಿ ಹನ್ನೆರಡು ರದ್ದಿ ಹಾಳೆ. ನಾಯಕರು ಕೈಮುಗಿದು ನಗುತ್ತಿದ್ದಾರೆ. ಅವರ ಹಣೆಯ ಮೇಲೆ ನಮ್ಮ ಮಂದಿರದ ದಪ್ಪಕ್ಷರ, "ಪಾಪಿಯೇ, ಪಶ್ಚಾತ್ತಾಪ ಪಡು". ಎದೆಯ ಮೇಲೆ ಅಡ್ಡಕ್ಕೆ ಮುಲಾಮಿನ ಜಾಹೀರಾತು, "ಎಂಥ ಹಳೆಯ ತುರಿಕೆಯೂ ಒಂದೇ ವಾರದಲ್ಲಿ ಮಾಯ". ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ಹಲ್ಲಿಲ್ಲದ ಮುದುಕರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವೇ ಕುತ್ತಿಗೆಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ಪಕ್ಷದ ಕಾರ್ಯದರ್ಶಿ ಬಂದ, ನಾಯಕರಿಗೆ ಅವಮಾನವಾಗಿದೆ ಅಂತ. ಅವನ ಬೆನ್ನಿಗೇ ನಮ್ಮ ಮಂದಿರದ ಹಿರಿಯರು ಬಂದರು, ದೇವರ ವಾಕ್ಯವನ್ನು ತುರಿಕೆ ಮುಲಾಮಿನ ಪಕ್ಕ ಹಾಕಿದ್ದಾರೆ ಅಂತ. ಬೇರೆ ದಿನ ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ಒಂದೇ ಬೆಂಚಿನ ಮೇಲೆ ಕೂತರು. ಇಬ್ಬರೂ ಒಂದೇ ಹೆಸರು ಹೇಳಿದರು: ಮಷಿನಕ್ಕ. ಆ ಹಾಳೆ ಗಂಟಿನೊಳಗೆ ಹೇಗೆ ಹೋಯಿತು ಅಂತ ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ. ದೇವರನ್ನು ನಂಬದವಳು, ಲೀಡರುಗಳನ್ನು ಆಡಿಕೊಳ್ಳುವವಳು, ಅವಳಲ್ಲದೆ ಇನ್ಯಾರು ಅಂತ ಮೊದಲೇ ತೀರ್ಮಾನವಾಗಿತ್ತು. ನಮ್ಮ ಯಜಮಾನರಿಗೂ ಕೆಲಸದ ಗಂಧ ಗೊತ್ತಿಲ್ಲ. ಮಾವನಿಂದ ಪ್ರೆಸ್ ಕೈಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಅವರು ಕಾರ್ಯದರ್ಶಿ ಬರೆಸಿಕೊಟ್ಟ ಪತ್ರವನ್ನು ಅಕ್ಕನ ಮುಂದೆ ಇಟ್ಟರು. ವಿರೋಧ ಪಕ್ಷದವರ ಮಾತು ಕೇಳಿ ಬೇಕೆಂದೇ ಹೀಗೆ ಮಾಡಿದ್ದೇನೆ, ನಾಯಕರನ್ನೂ ದೇವರ ವಾಕ್ಯವನ್ನೂ ಅವಮಾನಿಸಿದ್ದಕ್ಕೆ ಕ್ಷಮಿಸಬೇಕು ಅಂತ ಅದರಲ್ಲಿತ್ತು.

"ಗುರುವಾರದೊಳಗೆ ಸೈನ್ ಹಾಕಿಬಿಡಿ ಅಕ್ಕ. ಇಲ್ಲ ಅಂದ್ರೆ ಶುಕ್ರವಾರದಿಂದ ನಿಮ್ಮನ್ನ ಮಷಿನ್ ಮೇಲೆ ನಿಲ್ಲಿಸೋಕೆ ನನ್ನಿಂದ ಆಗಲ್ಲ," ಅಂದರು.

"ರದ್ದಿ ಸೇರಿಹೋಗಿದೆ. ಪ್ರೆಸ್ಸಿನ ತಪ್ಪು ಅಂತ ಬರೀರಿ, ಈಗಲೇ ಸೈನ್ ಹಾಕ್ತೀನಿ," ಅಂದಳು ಅಕ್ಕ. "ಬೇಕಂತಲೇ ಅನ್ನೋದು ಸುಳ್ಳು. ನಾನು ಮೂವತ್ತೊಂದು ವರ್ಷದಲ್ಲಿ ಊರಿನವರ ಸುಳ್ಳೆಲ್ಲ ಅಚ್ಚು ಹಾಕಿದೀನಿ, ನನ್ನ ಹೆಸರಲ್ಲಿ ಒಂದೂ ಹಾಕಿಲ್ಲ."

ನಾನು ಹತ್ತು ಹೆಜ್ಜೆ ಆಚೆ ನಿಂತು ಬ್ಲೇಡಿಗೆ ಎಣ್ಣೆ ಹಾಕುತ್ತಿದ್ದೆ. ಹಾಳೆ ಅವಳ ಮಷಿನ್ನಿನದು, ಇಂಕು ಅವಳದು, ಬಾಯಿ ಅವಳದು, ಅನುಭವಿಸಲಿ ಅಂತ ಒಳಗಿಂದ ಯಾರೋ ಹೇಳಿಕೊಡುತ್ತಿದ್ದರು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಬುಧವಾರ ಸಂಜೆ ಮಹಡಿ ಹತ್ತಿದೆ. ಅವಳು ಮೊದಲ ಬಾಗಿಲಿನಿಂದ ಹೊಸದಾಗಿ ಶುರುಮಾಡಿದ್ದಳು. ಎರಡನೇ ಕಂಟ್ರೋಲರ್ ಟಿವಿಯ ಮೇಲೆ, ವೈರು ಸುತ್ತಿಕೊಂಡು ಕೂತಿತ್ತು. ಕೊಡಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

"ಅಕ್ಕ, ಒಂದು ಸೈನ್ ತಾನೇ? ಹಾಕಿಬಿಡು. ಕೆಲಸ ಹೋದ್ರೆ ಈ ವಯಸ್ಸಲ್ಲಿ ಯಾರು ಮಷಿನ್ ಕೊಡ್ತಾರೆ?"

"ಯಾರೂ ಕೊಡಲ್ಲ."

"ಮತ್ತೆ?"

"ಮತ್ತೇನಿಲ್ಲ. ನನಗೆ ಆ ಮಷಿನ್ ಅಂದ್ರೆ ಜೀವ. ಹೋದ್ರೆ ಅಳ್ತೀನಿ, ಚೆನ್ನಾಗೇ ಅಳ್ತೀನಿ. ಆದರೆ ಸೈನ್ ಹಾಕಲ್ಲ." ತೆರೆಯಿಂದ ಕಣ್ಣು ತೆಗೆಯದೆ ಹೇಳಿದಳು. "ನೀನು ಹೋಗಿ ಮಲಗು. ನಾಳೆ ನಿನಗೂ ಕೆಲಸ ಇದೆ."

ಗುರುವಾರ ಹನ್ನೊಂದು ಗಂಟೆಗೆ ಬೈಂಡಿಂಗ್ ಮೇಜಿನ ಸುತ್ತ ಎಲ್ಲರೂ ಸೇರಿದರು. ಯಜಮಾನರು, ಕಾರ್ಯದರ್ಶಿ, ನಮ್ಮ ಹಿರಿಯರು. ಎದುರಿಗೆ ಅಕ್ಕ, ಇಂಕಿನ ಏಪ್ರನ್ನಿನಲ್ಲೇ. ಕೆಲಸದವರೆಲ್ಲ ಮಷಿನ್ ನಿಲ್ಲಿಸಿ ಗೋಡೆಗೆ ಒರಗಿದ್ದೆವು. ಕಾರ್ಯದರ್ಶಿ ಪತ್ರದ ಮೇಲೆ ಪೆನ್ನು ಇಟ್ಟು, "ನಿಮ್ಮನ್ನ ಎತ್ತಿಕಟ್ಟಿದ್ದು ಯಾರು ಅಂತ ನಮಗೆ ಗೊತ್ತು. ಬಾಯಿಬಿಟ್ಟು ಹೇಳಿದ್ರೆ ನಿಮಗೇ ಒಳ್ಳೇದು," ಅಂದ.

"ಆ ಪಕ್ಷದವರ ಮಾತು ಕೇಳೋಕೆ ಅವರೇನು ನಿಮಗಿಂತ ಒಳ್ಳೆಯವರಾ?" ಅಂದಳು ಅಕ್ಕ. "ಅವರ ಪೋಸ್ಟರೂ ನಾನೇ ಹೊಡೆಯೋದು. ಪಕ್ಕದ ಕಪಾಟಲ್ಲಿದೆ, ನೋಡ್ತೀರಾ? ನಿಮ್ಮ ಭರವಸೆಗಳೇ, ಬಣ್ಣ ಬೇರೆ."

ಗೋಡೆಯ ಹತ್ತಿರ ಯಾರೋ ಕಿಸಕ್ಕಂತ ನಕ್ಕರು. ಹಿರಿಯರು ಕೈಯೆತ್ತಿ ಸುಮ್ಮನಿರಿಸಿದರು. ಅವರು ಕೆಟ್ಟವರಲ್ಲ; ಜಗಳ ಮುಗಿಸಲೆಂದೇ ಬಂದಿದ್ದರು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಪವಿತ್ರ ಗ್ರಂಥವನ್ನು ಮೇಜಿನ ಮೇಲೆ ಇಟ್ಟು, "ನೋಡಮ್ಮ, ಪತ್ರ ಗಿತ್ರ ಬೇಡ. ಇದರ ಮೇಲೆ ಕೈಯಿಟ್ಟು, ಬೇಕಂತ ಮಾಡಿಲ್ಲ ಅಂತ ಆಣೆ ಮಾಡು. ಇವರನ್ನ ನಾನು ಒಪ್ಪಿಸ್ತೀನಿ. ಇಲ್ಲಿಗೇ ಮುಗಿಯುತ್ತೆ," ಅಂದರು.

ಯಜಮಾನರ ಮುಖ ಅರಳಿತು. ನನಗೂ ಜೀವ ಬಂದಂತಾಯಿತು. ಒಂದು ಕ್ಷಣ ಕೈಯಿಟ್ಟರೆ ಅವಳ ಮಷಿನ್ ಉಳಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಅಕ್ಕ ಗ್ರಂಥವನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು.

"ಬೇಡ, ಹಿರಿಯರೇ. ನಾನು ಇದನ್ನ ನಂಬಲ್ಲ ಅಂತ ನಿಮಗೆ ಗೊತ್ತು. ನಂಬದೇ ಇರೋದರ ಮೇಲೆ ಕೈಯಿಟ್ಟು ಆಣೆ ಮಾಡಿದ್ರೆ ನಿಮ್ಮ ಕಣ್ಣಿಗೆ ಮಣ್ಣೆರಚಿದ ಹಾಗೆ. ನಿಮಗೆ ಅದು ದೊಡ್ಡದು. ನನ್ನ ಕೆಲಸಕ್ಕೋಸ್ಕರ ಅದನ್ನ ಆಟದ ಸಾಮಾನು ಮಾಡಲ್ಲ. ಬೇಕಂತ ಮಾಡಿಲ್ಲ ಅಂತ ಬಾಯಲ್ಲಿ ಹೇಳಿದೀನಿ. ನನ್ನ ಹತ್ತಿರ ಇರೋದು ಅಷ್ಟೇ."

"ಕೇಳಿದ್ರಾ ಸೊಕ್ಕು!" ಅಂತ ಕಾರ್ಯದರ್ಶಿ ಎದ್ದೇಬಿಟ್ಟ. ಹಿರಿಯರು ಕತ್ತು ತಿರುಗಿಸಿ ಗೋಡೆಯ ಕಡೆ ನೋಡಿದರು.

"ಇವಳ ತಮ್ಮ ನಮ್ಮವನೇ. ನಂಬುವವನು. ಬಾರಪ್ಪ, ಅಕ್ಕನ ಪರವಾಗಿ ನೀನೇ ಆಣೆ ಮಾಡು. ಇವಳು ತಪ್ಪು ಮಾಡಿಲ್ಲ ಅಂತ ನಿನಗೆ ಗೊತ್ತಿದ್ರೆ ಸಾಕು, ನನಗೆ ಸಾಕು."

ಹತ್ತು ಹೆಜ್ಜೆ. ಅಷ್ಟು ದೂರ ನಡೆದದ್ದು ಇವತ್ತಿಗೂ ಕಾಲಿಗೆ ನೆನಪಿದೆ. ಗ್ರಂಥದ ಮೇಲೆ ಕೈಯಿಟ್ಟೆ. ನನ್ನ ಕೈ ಬಿಳಿಯಾಗಿತ್ತು, ಕಟಿಂಗ್ ಮಷಿನ್ನಿನವನಿಗೆ ಇಂಕು ಹತ್ತುವುದಿಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ. ಅವಳು ತಪ್ಪು ಮಾಡಿಲ್ಲ ಅಂತ ನನಗೆ ಹೇಗೆ ಗೊತ್ತು? ಅದಕ್ಕೆ ಉತ್ತರ ಒಂದೇ ಇತ್ತು. ಹೆಬ್ಬೆರಳು ಹಿಂದಕ್ಕೆ ಒತ್ತಲು ನೋಡಿತು. ಅಲ್ಲಿ ಒತ್ತಲು ಬಟನ್ ಇರಲಿಲ್ಲ.

"ತಪ್ಪು ನಂದು," ಅಂದೆ. "ತಳಕ್ಕೆ ಹಾಕಿದ ರದ್ದಿ ತೆಗೆಯೋದು ಮರೆತೆ. ಅಕ್ಕ ಮೂಲೆ ಹರಿದೇ ಇಟ್ಟಿದ್ಲು, ನನ್ನ ಬ್ಲೇಡಿಗೆ ಮೂಲೆ ಹೋಯ್ತು. ಅವಳು ನಾಲ್ಕು ಗಂಟೆಗೇ ಮನೆಗೆ ಹೋಗಿದ್ಲು."

ಹಿರಿಯರು ಕಣ್ಣು ಕಿರಿದು ಮಾಡಿದರು. "ಯಾವತ್ತು? ಶನಿವಾರ ಸಂಜೆನಾ? ನೀನು ಪ್ರಾರ್ಥನೆಗೆ ಬಂದಿರಲಿಲ್ಲವಲ್ಲ."

"ಪ್ರಾರ್ಥನೆಗೆ ಅಂತ ಹೇಳಿ ತಾನೇ ಹೋಗಿದ್ದು?" ಅಂದರು ಯಜಮಾನರು.

ಗ್ರಂಥದ ಮೇಲಿನ ಕೈ ಹಾಗೇ ಇತ್ತು. "ವಿಡಿಯೋ ಗೇಮ್ ಆಡೋಕೆ ಹೋದೆ," ಅಂದೆ. "ಅಕ್ಕನ ಜೊತೆ. ನಾಲ್ಕು ವರ್ಷದಿಂದ ಆಡ್ತಿದೀನಿ."

ಈ ಸಲ ಗೋಡೆಯ ಹತ್ತಿರ ಇದ್ದವರೆಲ್ಲ ನಕ್ಕರು. ನಲವತ್ತೆಂಟು ವರ್ಷದ ಗಂಡಸು, ಮುಂದಿನ ಸಾಲಿನ ಭಕ್ತ. ನಗಲಿ ಬಿಡಿ ಅನ್ನಿಸಿತು ನನಗೆ, ಮೊದಲ ಬಾರಿಗೆ. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಹಾಗಾದರೆ ಪತ್ರಕ್ಕೆ ನೀನು ಸೈನ್ ಹಾಕು, ಯಾರು ಎತ್ತಿಕಟ್ಟಿದ್ದು ಹೇಳು ಅಂತ ಪೆನ್ನನ್ನು ನನ್ನ ಕಡೆ ತಳ್ಳಿದ. ನಾನು ಪೆನ್ನು ತೆಗೆದುಕೊಂಡು ಪತ್ರವನ್ನು ಮಗುಚಿ, ಹಿಂದಿನ ಖಾಲಿ ಬದಿಯಲ್ಲಿ, ತಳದ ರದ್ದಿ ತೆಗೆಯಲು ಮರೆತವನು ನಾನು ಅಂತ ಬರೆದು ಸೈನ್ ಹಾಕಿದೆ. ಅವನು ಅದನ್ನು ಮುದುಡಿ ಎಸೆದು, ಇನ್ನು ನಮ್ಮ ಒಂದು ಚೀಟಿಯೂ ಇಲ್ಲಿ ಅಚ್ಚಾಗಲ್ಲ ಅಂತ ಹೊರಟುಹೋದ. ಹಿರಿಯರು ಗ್ರಂಥವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

"ಅವಳು ಬರಲ್ಲ ಅಂತಾಳೆ, ಬರಲ್ಲ," ಅಂದರು ನನಗೆ. "ನೀನು ಬಂದೆ ಅಂತ ಹೇಳ್ತೀಯ, ಬಂದಿರಲ್ಲ. ನಾನು ಯಾರ ಜೊತೆ ಜಗಳ ಆಡಬೇಕಪ್ಪ?" ಮತ್ತೆ ಯಜಮಾನರ ಕಡೆ ತಿರುಗಿ, ಅಕ್ಕನ ಮೇಲೆ ತಮ್ಮದೇನೂ ದೂರಿಲ್ಲ ಅಂದುಬಿಟ್ಟರು.

ಯಜಮಾನರಿಗೆ ದಿಕ್ಕು ತೋಚಲಿಲ್ಲ. ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ, "ಮುಲಾಮಿನವರ ಲೇಬಲ್ ನಾಳೆಗೆ ಬೇಕಂತೆ. ಓಡಿಸ್ಲಾ, ಬೇಡ್ವಾ?" ಅಂದಳು. ಅವರು ಹೂಂ ಅಂದರು. ನನ್ನನ್ನು ಮಾತ್ರ ಒಂದು ತಿಂಗಳು ಬ್ಲೇಡಿನ ಹತ್ತಿರ ಬಿಡಲಿಲ್ಲ, ಗಂಟು ಕಟ್ಟಲು ಕೂರಿಸಿದರು. ಅದು ನ್ಯಾಯವೇ. ಮಂದಿರದಲ್ಲಿ ಈಗ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹೋಗುವುದನ್ನು ಬಿಟ್ಟಿಲ್ಲ. ಹೋಗದ ದಿನ ಹೋದೆ ಅಂತ ಹೇಳುವುದನ್ನು ಬಿಟ್ಟಿದ್ದೇನೆ.

ಅದೇ ವಾರದ ಭಾನುವಾರ ಬೆಳಿಗ್ಗೆ ಮಹಡಿ ಹತ್ತಿದಾಗ ಅಕ್ಕ ಎರಡನೇ ಬಾಗಿಲಿನಲ್ಲಿದ್ದಳು. ಖಾಲಿ ಕುರ್ಚಿಯ ಮೇಲೆ ಎರಡನೇ ಕಂಟ್ರೋಲರ್ ಇತ್ತು, ವೈರು ಬಿಚ್ಚಿ ಟಿವಿಗೆ ಜೋಡಿಸಿತ್ತು. ಕೂತೆ. ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡೆ.

"ನಂದೇ ತಪ್ಪು ಅಂತ ನಿನಗೆ ಯಾವಾಗ ಗೊತ್ತಾಯ್ತು ಅಕ್ಕ?"

"ಸೋಮವಾರ ಬೆಳಿಗ್ಗೆ, ಗೋಡೆ ಮುಂದೆ. ರದ್ದಿಗೆ ಯಾರಾದ್ರೂ ನಾಲ್ಕೂ ಅಂಚು ನೀಟಾಗಿ ಕತ್ತರಿಸ್ತಾರೇನೋ? ಅದು ನಿನ್ನ ಬ್ಲೇಡಿಂದಲ್ಲದೆ ಬರಲ್ಲ."

ನಾಲ್ಕು ದಿನ. ನಾಲ್ಕು ದಿನ ಅವಳು ನನ್ನ ಹತ್ತು ಹೆಜ್ಜೆ ದೂರದಲ್ಲಿ, ನನ್ನ ಮನೆಯ ಮಹಡಿಯಲ್ಲಿ, ಎಲ್ಲ ಗೊತ್ತಿದ್ದೂ ಇದ್ದಳು.

"ಮತ್ತೆ ಹೇಳಬಾರದಿತ್ತಾ? ಒಂದು ಮಾತು ಹೇಳಿದ್ರೆ ಅವತ್ತೇ ಮುಗೀತಿತ್ತು."

"ನೀನು ಹೇಳೋ ಮಾತದು. ನಾನ್ಯಾಕೆ ಹೇಳಲಿ?"

"ನಾನು ಹೇಳದೇ ಇದ್ದಿದ್ರೆ?"

ತೆರೆಯ ಮೇಲೆ ಎರಡನೇ ಬಾಗಿಲಿನ ರಾಕ್ಷಸ ಗದೆ ಎತ್ತಿದ. ಅಕ್ಕ ಬಿಲ್ಲಿಗೆ ಬಾಣ ಹೂಡಿದಳು.

"ಒಬ್ಬಳೇ ಆಡ್ತಿದ್ದೆ," ಅಂದಳು. "ಗುರಾಣಿ ಎತ್ತು."